ನಿಮ್ಮ ಕೇಸಿಗೆ ನೀವೇ ತನಿಖಾಧಿಕಾರಿ: ಪತ್ತೇದಾರಿ ಬುದ್ಧಿಯನ್ನು ದಿನದ ಕೆಲಸಕ್ಕೆ ಹಚ್ಚುವುದು ಹೇಗೆ

ಪತ್ತೇದಾರರ ಹಾಗೆ ಯೋಚನೆ ಮಾಡುವುದು ಹೇಗೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಕೇಳುವ ಕಾರಣ ಮಾತ್ರ ಬೇರೆ ಬೇರೆ. ಒಬ್ಬರ ಆಫೀಸಿನಲ್ಲಿ ಒಂದೇ ತಪ್ಪು ಪ್ರತಿ ತಿಂಗಳೂ ಆಗುತ್ತಿದೆ. ಇನ್ನೊಬ್ಬರ ಸಂಬಳ 20ನೇ ತಾರೀಖಿಗೇ ಖಾಲಿ, ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಮತ್ತೊಬ್ಬರು ಪರೀಕ್ಷೆಗೆ ಓದಬೇಕು ಅಂತ ಆರು ತಿಂಗಳಿಂದ ಹೇಳುತ್ತಲೇ ಇದ್ದಾರೆ, ಓದಿಲ್ಲ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಇಲ್ಲಿ ಒಟ್ಟಿಗೇ ಬರೆಯುತ್ತಿದ್ದೇನೆ.

ಇದಕ್ಕೆ ಚುರುಕು ಬುದ್ಧಿ ಬೇಕು ಅಂದುಕೊಂಡಿದ್ದರೆ ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಬಾಡಿಗೆಗೆ ತಂದು ರಾತ್ರಿಯೆಲ್ಲಾ ಓದಿದ ತಲೆಮಾರಿಗೆ ಪತ್ತೇದಾರ ಅಂದರೆ ಥಟ್ಟನೆ ಎಲ್ಲಾ ಹೊಳೆಯುವ ಮನುಷ್ಯ. ಠಾಣೆಯಲ್ಲಿ ಕೂತ ತನಿಖಾಧಿಕಾರಿಯ ಕೆಲಸ ಹಾಗಿರುವುದಿಲ್ಲ. ಅವರು ಬರೆಯುತ್ತಾರೆ. ನೋಡಿದ್ದನ್ನು ಬರೆಯುತ್ತಾರೆ, ಕೇಳಿದ್ದನ್ನು ಬರೆಯುತ್ತಾರೆ, ಎಷ್ಟು ಗಂಟೆಗೆ ಎಲ್ಲಿಗೆ ಹೋದೆ ಅನ್ನುವುದನ್ನೂ ಬರೆಯುತ್ತಾರೆ, ಆರೋಪಿ ಯಾರು ಅನ್ನುವ ಮಾತು ಕಟ್ಟಕಡೆಯ ವರದಿಯಲ್ಲಿ ಬರುತ್ತದೆ. ನಾವು ಮಾಡುವುದು ಉಲ್ಟಾ. ತೀರ್ಮಾನ ಮೊದಲು, ಆಮೇಲೆ ಅದಕ್ಕೆ ಹೊಂದುವ ಸಾಕ್ಷಿ. ಹಾಗಾಗಿ ಈ ಬರಹದಲ್ಲಿ ನಾನು ಠಾಣೆಯ ಕ್ರಮವನ್ನೇ ಹಿಡಿದಿದ್ದೇನೆ: ದೂರು, ಮಹಜರು, ಡೈರಿ, ಹೇಳಿಕೆ, ಶಂಕಿತರು, ಪರೀಕ್ಷೆ, ಅಂತಿಮ ವರದಿ. ಪೇಪರ್ ಓದುವವರಿಗೆ ಈ ಪದಗಳೆಲ್ಲ ಗೊತ್ತಿರುವವೇ.

ಏನೇನು ಬೇಕು? ನೂರು ಪುಟದ ಒಂದು ನೋಟ್‌ಬುಕ್. ಪೆನ್ನು. ಫೋನಿನ ಕ್ಯಾಮೆರಾ. ಎರಡು ವಾರ ಸಮಯ. ಒಂದು ಸಲಕ್ಕೆ ಒಂದೇ ಕೇಸು. ಸಂಬಳ, ಓದು, ತೂಕ, ಅತ್ತೆಮನೆ ಜಗಳ ಎಲ್ಲವನ್ನೂ ಒಟ್ಟಿಗೆ ಕೈಗೆತ್ತಿಕೊಂಡರೆ ನಾಲ್ಕನೇ ದಿನಕ್ಕೆ ನೋಟ್‌ಬುಕ್ ಮೂಲೆ ಸೇರುತ್ತದೆ.

1. ದೂರನ್ನು ಬರೆಯಿರಿ, ಕಳ್ಳನ ಹೆಸರು ಬರೆಯಬೇಡಿ

ಎಫ್‌ಐಆರ್ ಅಂದರೆ ಪ್ರಥಮ ವರ್ತಮಾನ ವರದಿ. ಏನಾಯಿತು, ಎಲ್ಲಿ, ಯಾವಾಗ ಅನ್ನುವುದು ಅದರಲ್ಲಿ ಇರುತ್ತದೆ. ಆರೋಪಿ ಯಾರು ಅಂತ ಗೊತ್ತಿರಲೇಬೇಕು ಅಂತೇನಿಲ್ಲ, ಗೊತ್ತಿಲ್ಲದಿದ್ದರೆ ಆ ಜಾಗದಲ್ಲಿ ‘ಅಪರಿಚಿತರು’ ಅಂತ ಹಾಕಿ ಕೇಸು ದಾಖಲಿಸುತ್ತಾರೆ. ಈ ಒಂದು ಪದ ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಯಾಕೆಂದರೆ ನಮ್ಮ ದೂರುಗಳಲ್ಲಿ ತೀರ್ಪು ಮೊದಲೇ ಸೇರಿಕೊಂಡಿರುತ್ತದೆ. ‘ನಾನು ಸೋಮಾರಿ, ಅದಕ್ಕೇ ಓದು ಆಗ್ತಿಲ್ಲ.’ ಇದು ದೂರಲ್ಲ, ಶಿಕ್ಷೆ. ‘ಅಕೌಂಟ್ಸ್‌ನವರ ಬೇಜವಾಬ್ದಾರಿಯಿಂದ ವರದಿ ತಡವಾಗ್ತಿದೆ.’ ಇದೂ ಅಷ್ಟೇ. ಇದನ್ನೇ ಹೀಗೆ ಬರೆದು ನೋಡಿ:

‘ಕಳೆದ 14 ದಿನ ರಾತ್ರಿ 8ರಿಂದ 10ರವರೆಗೆ ಓದಬೇಕಿತ್ತು. ಓದಿದ್ದು 4 ದಿನ. ಒಂದು ಗಂಟೆ ದಾಟಿದ್ದು 1 ದಿನ. ಆರೋಪಿ: ಅಪರಿಚಿತ.’

ಓದಿದ ಆ ನಾಲ್ಕು ದಿನ ಈಗ ಕಣ್ಣಿಗೆ ಬಿತ್ತು ನೋಡಿ. ಸೋಮಾರಿಯೇ ಆಗಿದ್ದರೆ ಆ ನಾಲ್ಕು ದಿನ ಓದಿದ್ದು ಯಾರು? ಕೇಸು ಅಲ್ಲಿಂದ ಶುರು.

ಎಚ್ಚರ: ‘ಯಾವಾಗಲೂ’, ‘ಎಂದಿಗೂ’, ‘ಎಲ್ಲರೂ’ ಅನ್ನುವ ಪದ ದೂರಿನಲ್ಲಿ ಬಂದರೆ ಹೊಡೆದುಹಾಕಿ. ಅದರ ಜಾಗದಲ್ಲಿ ಒಂದು ಅಂಕಿ ಬರೆಯಿರಿ. ಅಂಕಿ ಗೊತ್ತಿಲ್ಲದಿದ್ದರೆ ಒಂದು ವಾರ ಎಣಿಸಿ, ಆಮೇಲೆ ದೂರು ಬರೆಯಿರಿ.

2. ಸ್ಥಳ ಮಹಜರು: ಮುಟ್ಟದೆ ನೋಡುವುದು

ಮಹಜರು ಅಂದರೆ ಘಟನೆ ನಡೆದ ಜಾಗವನ್ನು ಪಂಚರ, ಅಂದರೆ ಹೊರಗಿನ ಸಾಕ್ಷಿಗಳ ಎದುರಿಗೆ ನೋಡಿ, ಅಲ್ಲಿ ಏನು ಹೇಗಿತ್ತೋ ಹಾಗೇ ಬರೆದು ಸಹಿ ಹಾಕಿಸುವುದು. ಫ್ರಾನ್ಸಿನ ಎಡ್ಮಂಡ್ ಲೊಕಾರ್ಡ್ 1910ರಲ್ಲಿ ಲಿಯಾನ್ ಊರಿನಲ್ಲಿ ಪೊಲೀಸ್ ಪ್ರಯೋಗಾಲಯ ಶುರು ಮಾಡಿದವರು. ಎರಡು ವಸ್ತು ಒಂದಕ್ಕೊಂದು ತಾಗಿದರೆ ಏನಾದರೂ ಗುರುತು ಉಳಿದೇ ಉಳಿಯುತ್ತದೆ ಅನ್ನುವುದು ಅವರ ಹೆಸರಿನಲ್ಲಿ ನಿಂತಿರುವ ತತ್ವ. ನಿಮ್ಮ ಓದುವ ಟೇಬಲ್ಲಿಗೂ ಆ ಮಾತು ಸಲ್ಲುತ್ತದೆ.

ಓದಲು ಕೂರುವ ಜಾಗಕ್ಕೆ ಹೋಗಿ. ಏನನ್ನೂ ಸರಿಸಬೇಡಿ. ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಆಮೇಲೆ ಕಂಡದ್ದನ್ನು ಬರೆಯಿರಿ: ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ. ಪುಸ್ತಕದ ಮೇಲೆ ಕರೆಂಟ್ ಬಿಲ್. ಚಾರ್ಜರ್ ಟೇಬಲ್ಲಿನ ಪಕ್ಕದಲ್ಲೇ. ಬೆಳಕು ಬೆನ್ನ ಹಿಂದಿನಿಂದ, ಹಾಳೆಯ ಮೇಲೆ ನಿಮ್ಮದೇ ನೆರಳು. ಬಟ್ಟೆ ರಾಶಿಯ ಮೇಲೆ ಯಾರೂ ಕೂರುವುದಿಲ್ಲ ಅಲ್ವಾ? ಅಂದರೆ ಈ ಕುರ್ಚಿಯಲ್ಲಿ ಎರಡು ಮೂರು ದಿನದಿಂದ ಯಾರೂ ಕೂತಿಲ್ಲ. ಇಷ್ಟಕ್ಕೇ ನಿಲ್ಲಿಸಿ. ‘ಅದಕ್ಕೇ ಓದು ಆಗ್ತಿಲ್ಲ’ ಅಂತ ಮುಂದಕ್ಕೆ ಹೋಗಬೇಡಿ.

ಸಂಬಳದ ಕೇಸಾದರೆ ಸ್ಥಳ ಅಂದರೆ ಬ್ಯಾಂಕ್ ಸ್ಟೇಟ್‌ಮೆಂಟ್. ಮೂರು ತಿಂಗಳದ್ದನ್ನು ಇಳಿಸಿಕೊಳ್ಳಿ. ಯುಪಿಐ ಆಪ್‌ನಲ್ಲಿ ಆಟೋಪೇ ಅಂತ ಒಂದು ಪಟ್ಟಿ ಇರುತ್ತದೆ, ಅಂದರೆ ನೀವು ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ತಾನಾಗಿಯೇ ಕಡಿತವಾಗುವ ದುಡ್ಡು. ಅದನ್ನು ತೆಗೆದು ನೋಡಿ. ಒಂದು ತಿಂಗಳ ಫ್ರೀ ಟ್ರಯಲ್ ಅಂತ ಒತ್ತಿ ಮರೆತದ್ದು ಅಲ್ಲಿ ಆರಾಮಾಗಿ ಕೂತಿರುತ್ತದೆ.

ಇದ್ದದ್ದನ್ನು ನೋಡುವುದು ಸುಲಭ. ಇರಬೇಕಾಗಿದ್ದು ಇಲ್ಲದಿರುವುದನ್ನು ನೋಡುವುದು ಕಷ್ಟ. ನಮ್ಮ ಹಳೆಯ ದಾರ್ಶನಿಕರಲ್ಲಿ ಮೀಮಾಂಸೆಯ ಭಾಟ್ಟರು, ಅಂದರೆ ಕುಮಾರಿಲ ಭಟ್ಟರ ಪಂಥದವರು, ಮತ್ತು ಅದ್ವೈತಿಗಳು ಇದನ್ನು ಅನುಪಲಬ್ಧಿ ಅಂತ ಕರೆದು ಬೇರೆಯೇ ಒಂದು ಪ್ರಮಾಣವಾಗಿ, ಅಂದರೆ ತಿಳಿಯುವ ದಾರಿಯಾಗಿ ಒಪ್ಪಿದ್ದರು. ಇದ್ದಿದ್ದರೆ ಕಾಣಬೇಕಿತ್ತು, ಕಾಣುತ್ತಿಲ್ಲ, ಆದ್ದರಿಂದ ಇಲ್ಲ ಅನ್ನುವುದೂ ಒಂದು ತಿಳಿವಳಿಕೆಯೇ. ಟೇಬಲ್ಲಿನ ಮೇಲೆ ಇರಬೇಕಾಗಿದ್ದು ಏನು ಇಲ್ಲ? ಗಡಿಯಾರ ಇಲ್ಲ. ಹಾಗಾಗಿ ಟೈಮ್ ನೋಡಲು ಪ್ರತಿ ಸಲ ಫೋನ್ ಕೈಗೆ ಬರುತ್ತದೆ. ಮಹಜರಿನ ಕೊನೆಯಲ್ಲಿ ‘ಇಲ್ಲದ್ದು’ ಅಂತ ಒಂದು ಸಾಲು ಬಿಡಿ.

ಎಚ್ಚರ: ಮಹಜರಿಗೆ ಮುಂಚೆ ಕ್ಲೀನ್ ಮಾಡುವ ಆಸೆ ಬರುತ್ತದೆ. ಮಾಡಿದರೆ ಸಾಕ್ಷಿನಾಶ.

3. ಕೇಸ್ ಡೈರಿ

ಇಡೀ ಬರಹದಲ್ಲಿ ಒಂದನ್ನು ಮಾತ್ರ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ತನಿಖಾಧಿಕಾರಿ ದಿನದಿನವೂ ಡೈರಿ ಬರೆಯಲೇಬೇಕು, ಅದು ಕಾನೂನು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 172ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 192ನೇ ಕಲಂ. ಮಾಹಿತಿ ಎಷ್ಟು ಗಂಟೆಗೆ ಬಂತು, ತನಿಖೆ ಎಷ್ಟಕ್ಕೆ ಶುರುವಾಯಿತು, ಎಷ್ಟಕ್ಕೆ ನಿಂತಿತು, ಎಲ್ಲೆಲ್ಲಿಗೆ ಹೋದೆ, ಏನು ತಿಳಿಯಿತು. ಅಷ್ಟೇ. ಬೇಜಾರಾಯಿತು, ಖುಷಿಯಾಯಿತು ಅನ್ನುವ ಡೈರಿ ಅಲ್ಲ ಇದು.

ನಮ್ಮ ಓದಿನ ಕೇಸಿನ ಒಂದು ಸಂಜೆ ಹೀಗಿರಬಹುದು:

7:05 ಮನೆ ಸೇರಿದೆ. ಹಸಿವು.
7:20 ಕಾಫಿ, ಮಂಡಕ್ಕಿ. ಟೀವಿ ಓಡುತ್ತಿತ್ತು, ಕೂತೆ.
8:10 ಪುಸ್ತಕ ತೆಗೆದೆ. ಯಾವ ಅಧ್ಯಾಯ ಓದಬೇಕು ಅಂತ ಹುಡುಕಿದೆ.
8:25 ಇನ್ನೂ ಅಧ್ಯಾಯ ಗೊತ್ತಾಗಿಲ್ಲ. ಸಿಲಬಸ್ ನೋಡಲು ಫೋನ್ ತೆಗೆದೆ.
8:55 ಫೋನ್ ಇಟ್ಟೆ.
9:00 ಊಟಕ್ಕೆ ಕರೆದರು.

ಇದನ್ನು ಯಾರಿಗಾದರೂ ತೋರಿಸಿದರೆ ‘ಫೋನೇ ಕಳ್ಳ’ ಅನ್ನುತ್ತಾರೆ. ಇನ್ನೊಂದು ಸಲ ಓದಿ. ಫೋನ್ ಕೈಗೆ ಬಂದದ್ದು 8:25ಕ್ಕೆ. ಅದಕ್ಕೆ ಮುಂಚೆ ಹದಿನೈದು ನಿಮಿಷ ಪುಸ್ತಕ ಕೈಯಲ್ಲಿತ್ತು, ಟೀವಿ ಇರಲಿಲ್ಲ, ಫೋನ್ ಇರಲಿಲ್ಲ, ಆದರೂ ಓದು ಶುರುವಾಗಲಿಲ್ಲ. ಆ ಹದಿನೈದು ನಿಮಿಷದಲ್ಲಿ ಬಾಗಿಲು ತೆರೆದಿಟ್ಟವರು ಬೇರೆ ಯಾರೋ ಇದ್ದಾರೆ. ಗಂಟೆ ನಿಮಿಷ ಬರೆಯದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಡೈರಿಯ ಜೊತೆಗೆ ಸುಳ್ಳು ಹೇಳದ ಒಬ್ಬ ಸಾಕ್ಷಿಯನ್ನು ಇಟ್ಟುಕೊಳ್ಳಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ. ಯಾವ ಆಪ್ ಎಷ್ಟು ಹೊತ್ತು ತೆರೆದಿತ್ತು, ದಿನಕ್ಕೆ ಎಷ್ಟು ಸಲ ಲಾಕ್ ತೆಗೆದಿರಿ ಅನ್ನುವ ಲೆಕ್ಕ ಅಲ್ಲಿರುತ್ತದೆ. ಐಫೋನಿನಲ್ಲಿ ಸ್ಕ್ರೀನ್ ಟೈಮ್. ಮೊದಲು ನಿಮ್ಮ ಅಂದಾಜನ್ನು ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಆ ಅಂಕಿ ನೋಡಿ. ಮೊದಲು ಬರೆಯಬೇಕು, ಆಮೇಲೆ ನೋಡಬೇಕು. ಇಲ್ಲದಿದ್ದರೆ ಮನಸ್ಸು ‘ನಾನೂ ಅಷ್ಟೇ ಅಂದುಕೊಂಡಿದ್ದೆ’ ಅಂದುಬಿಡುತ್ತದೆ.

ಎಚ್ಚರ: ರಾತ್ರಿ ಮಲಗುವಾಗ ಕೂತು ಇಡೀ ದಿನದ್ದನ್ನು ನೆನಪಿನಿಂದ ಬರೆಯಬೇಡಿ. ಅದು ಡೈರಿ ಅಲ್ಲ, ಕತೆ. ಆಗಿಂದಾಗ್ಗೆ ಒಂದೊಂದೇ ಸಾಲು ಗೀಚಿ, ಅಕ್ಷರ ಕೆಟ್ಟದಾಗಿದ್ದರೂ ನಡೆಯುತ್ತದೆ. ಒಂದು ದಿನ ತಪ್ಪಿದರೆ ‘ಬರೆದಿಲ್ಲ’ ಅಂತ ಬರೆದು ಮುಂದಕ್ಕೆ ಹೋಗಿ.

4. ಹೇಳಿಕೆ ಪಡೆಯುವುದು

ಆಫೀಸಿನ ಕೇಸುಗಳಲ್ಲಿ ಇದು ಬೇಕೇ ಬೇಕು. ಬೇರೆಯವರನ್ನು ಕೇಳದೆ ಪತ್ತೆಯಾಗುವುದಿಲ್ಲ. ಆದರೆ ನಾವು ಕೇಳುವ ಪ್ರಶ್ನೆಯಲ್ಲೇ ಉತ್ತರ ಕೂತಿರುತ್ತದೆ. ‘ಫೈಲು ಲೇಟಾಗಿ ಕಳ್ಸಿದ್ದು ನೀವೇ ಅಲ್ವಾ?’ ಇದನ್ನು ಕೋರ್ಟಿನಲ್ಲಿ ಸೂಚಕ ಪ್ರಶ್ನೆ ಅನ್ನುತ್ತಾರೆ, ಬೇಕಾದ ಉತ್ತರವನ್ನು ಬಾಯಿಗಿಡುವ ಪ್ರಶ್ನೆ.

ಪ್ರಶ್ನೆಯ ಒಂದು ಪದ ನೆನಪನ್ನೇ ಬದಲಾಯಿಸುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನಶ್ಶಾಸ್ತ್ರಜ್ಞರು ಕಾರು ಅಪಘಾತದ ಫಿಲ್ಮ್ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರನ್ನು ‘ಡಿಕ್ಕಿ ಹೊಡೆದಾಗ’ ಅಂತ ಕೇಳಿದರು, ಕೆಲವರನ್ನು ‘ಅಪ್ಪಳಿಸಿ ನುಜ್ಜುಗುಜ್ಜಾದಾಗ’ ಅನ್ನುವ ಅರ್ಥದ ಪದ ಹಾಕಿ ಕೇಳಿದರು. ಮೊದಲ ಗುಂಪಿನ ಸರಾಸರಿ ಉತ್ತರ ಗಂಟೆಗೆ 34 ಮೈಲಿ, ಎರಡನೆಯದು 40.8. ನೋಡಿದ್ದು ಒಂದೇ ಫಿಲ್ಮ್. ಇಂಥದೇ ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು ಕೇಳಿದಾಗ, ನುಜ್ಜುಗುಜ್ಜಿನ ಗುಂಪಿನವರಲ್ಲಿ ಒಡೆದ ಗಾಜು ನೋಡಿದೆವು ಅಂದವರು ಜಾಸ್ತಿ. ಒಡೆದ ಗಾಜು ಫಿಲ್ಮಿನಲ್ಲಿ ಇರಲೇ ಇಲ್ಲ.

ಹಾಗಾಗಿ ಕೇಳುವುದು ಹೀಗೆ: ‘ಮೇಡಂ, ಹೋದ ತಿಂಗಳು ಆ ಫೈಲು ನಿಮ್ಮ ಹತ್ರ ಬಂದಾಗಿಂದ ಏನೇನಾಯ್ತು, ಸ್ವಲ್ಪ ಹೇಳ್ತೀರಾ?’ ಆಮೇಲೆ ಸುಮ್ನೆ ಇರಿ. ಹತ್ತು ಸೆಕೆಂಡ್ ಮೌನ ಬಂದರೂ ನೀವು ತುಂಬಬೇಡಿ, ಅವರೇ ತುಂಬುತ್ತಾರೆ, ಉಪಯೋಗದ ಮಾತು ಅನೇಕ ಸಲ ಅಲ್ಲೇ ಬರುತ್ತದೆ. ‘ಯಾಕೆ ಹೀಗೆ ಮಾಡಿದ್ರಿ’ ಅನ್ನಬೇಡಿ, ‘ಯಾಕೆ’ ಕೇಳಿದ ತಕ್ಷಣ ಎದುರಿನವರು ವಕೀಲರಾಗುತ್ತಾರೆ. ‘ಆಮೇಲೆ ಏನಾಯ್ತು’ ಸಾಕು.

ಎಚ್ಚರ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯನ್ನು ನಂಬಿಕೊಂಡು ಹೊರಡಬೇಡಿ. ಕೆಲವರು ಏನೂ ಮಾಡದಿದ್ದರೂ ಹೆಗಲು ಮುಟ್ಟಿಕೊಳ್ಳುತ್ತಾರೆ, ಅದು ಅವರ ಸ್ವಭಾವ. ಪಕ್ಕಾ ಕಳ್ಳ ಹೆಗಲು ಒರೆಸಿಕೊಂಡೇ ಬಂದಿರುತ್ತಾನೆ.

5. ಶಂಕಿತರ ಪಟ್ಟಿ, ಕಡಿಮೆ ಅಂದರೆ ಐದು

ಈಗ ಮಾತ್ರ, ಅಂದರೆ ಒಂದು ವಾರದ ಡೈರಿ ಕೈಯಲ್ಲಿದ್ದಾಗ ಮಾತ್ರ, ಕಾರಣಗಳನ್ನು ಯೋಚಿಸಿ. ಎರಡು ಕಾರಣ ಯಾರಿಗೂ ಹೊಳೆಯುತ್ತದೆ. ಮೂರನೆಯದಕ್ಕೆ ತಲೆ ಕೆರೆಯಬೇಕು. ನಾಲ್ಕು, ಐದನೆಯದು ಬರುವುದು ಮೊದಲಿನ ಎರಡರ ಮೇಲಿನ ಪ್ರೀತಿ ಸ್ವಲ್ಪ ಕಡಿಮೆಯಾದ ಮೇಲೆ. ಪಟ್ಟಿಯಲ್ಲಿ ನೀವು ಒಬ್ಬರು ಇರಲೇಬೇಕು. ‘ಇದು ಅಪರಾಧವೇ ಅಲ್ಲ’ ಅನ್ನುವುದೂ ಒಂದು ಸಾಲು ಇರಲಿ. ದಿನಕ್ಕೆ ಎರಡು ಗಂಟೆ ಓದುವ ಗುರಿಯೇ ತಪ್ಪಾಗಿರಬಹುದು.

ಇಲ್ಲಿ ಒಂದು ಪದ ಬಿಡಿಸಿ ಹೇಳಬೇಕು. ನಾವು ದಿನಾ ಬಳಸುವ ‘ಅನುಮಾನ’ಕ್ಕೆ ಸಂಶಯ ಅಂತ ಅರ್ಥ. ನ್ಯಾಯಶಾಸ್ತ್ರದಲ್ಲಿ (ಕೋರ್ಟಿನ ಕಾನೂನಲ್ಲ, ನಮ್ಮ ಹಳೆಯ ತರ್ಕಶಾಸ್ತ್ರ) ಅದೇ ಪದಕ್ಕೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು ಅಂತ ಅರ್ಥ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದ್ದರಿಂದ ಅಲ್ಲಿ ಬೆಂಕಿ ಇದೆ. ಹೊಗೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೆಂಕಿ ಇರುತ್ತದೆ ಅನ್ನುವ ಬಿಡದ ನಂಟಿಗೆ ವ್ಯಾಪ್ತಿ ಅನ್ನುತ್ತಾರೆ. ವ್ಯಾಪ್ತಿ ಇಲ್ಲದಿದ್ದರೆ ಎರಡನೆಯ ಅರ್ಥದ ಅನುಮಾನ ಮೊದಲನೆಯ ಅರ್ಥಕ್ಕೆ ಇಳಿದುಬಿಡುತ್ತದೆ. ‘ಅವರು ಇವತ್ತು ಮಾತಾಡಿಸಲಿಲ್ಲ, ಆದ್ದರಿಂದ ಕೋಪ ಬಂದಿದೆ.’ ಮಾತಾಡಿಸದವರೆಲ್ಲ ಕೋಪದಲ್ಲಿರುತ್ತಾರಾ? ಹಲ್ಲುನೋವಿರಬಹುದು.

ಶೆರ್ಲಾಕ್ ಹೋಮ್ಸ್ ಪಾತ್ರಕ್ಕೆ ಮಾದರಿಯಾದವರು ಪೊಲೀಸರಲ್ಲ, ಎಡಿನ್‌ಬರೋದ ಡಾಕ್ಟರು ಜೋಸೆಫ್ ಬೆಲ್. ಹೋಮ್ಸ್ ಕತೆ ಬರೆದ ಕಾನನ್ ಡಾಯ್ಲ್ ಬೆಲ್ ಅವರ ವಿದ್ಯಾರ್ಥಿಯಾಗಿದ್ದರು. ಒಮ್ಮೆ ಒಬ್ಬ ರೋಗಿಯನ್ನು ನೋಡಿ ನೀನು ಸೈನ್ಯದಲ್ಲಿದ್ದೆ, ಬಿಟ್ಟು ಬಹಳ ದಿನ ಆಗಿಲ್ಲ, ಬಾರ್ಬಡೋಸ್‌ನಲ್ಲಿದ್ದೆ ಅಂತ ಬೆಲ್ ಒಂದೊಂದಾಗಿ ಕೇಳಿದರಂತೆ, ಆತ ಎಲ್ಲಕ್ಕೂ ಹೌದು ಅಂದ. ಮನುಷ್ಯ ಮರ್ಯಾದಸ್ಥ, ಆದರೂ ಟೋಪಿ ತೆಗೆದಿರಲಿಲ್ಲ, ಅದು ಸೈನ್ಯದ ರೂಢಿ. ಬಿಟ್ಟು ಬಹಳ ಕಾಲವಾಗಿದ್ದರೆ ಊರಿನ ರೂಢಿ ಬಂದಿರುತ್ತಿತ್ತು. ಇದ್ದ ಕಾಯಿಲೆ ಆನೆಕಾಲು, ಅದು ಬ್ರಿಟನ್ನಿನದಲ್ಲ, ವೆಸ್ಟ್ ಇಂಡೀಸ್ ಕಡೆಯದು. ಎಲ್ಲರೂ ಬೆಲ್ ಅವರ ಕಣ್ಣನ್ನು ಹೊಗಳುತ್ತಾರೆ. ನನಗೆ ಹಿಡಿಸುವುದು ಅವರು ಪ್ರತಿಯೊಂದನ್ನೂ ರೋಗಿಯ ಬಾಯಲ್ಲೇ ಖಾತ್ರಿ ಮಾಡಿಕೊಂಡದ್ದು.

ಇನ್ನೊಂದು ಅಭ್ಯಾಸ: ಹಳೇ ಕಳ್ಳರನ್ನು ಮೊದಲು ನೋಡಿ. ಯಾವ ಕಳ್ಳ ಯಾವ ರೀತಿ ಕನ್ನ ಹಾಕುತ್ತಾನೆ ಅನ್ನುವ ದಾಖಲೆ ಪೊಲೀಸರ ಹತ್ತಿರ ಇರುತ್ತದೆ. ಪ್ರತಿ ಕಸುಬಿನಲ್ಲೂ ಇಂಥ ಪಟ್ಟಿ ಇದೆ. ಲೆಕ್ಕ ಬರೆಯುವವರನ್ನು ಕೇಳಿ. ಜಮಾ ಖರ್ಚು ತಾಳೆಯಾಗದಿದ್ದರೆ ಅನುಭವಸ್ಥರು ಮೊದಲ ಎಂಟ್ರಿಯಿಂದ ಹುಡುಕುವುದಿಲ್ಲ, ವ್ಯತ್ಯಾಸದ ಮೊತ್ತವನ್ನು ನೋಡುತ್ತಾರೆ. ಅದು 9ರಿಂದ ಭಾಗವಾದರೆ ಎರಡು ಅಂಕಿ ಅದಲುಬದಲಾಗಿರಬಹುದು. 4,500 ಬರೆಯುವ ಕಡೆ 5,400 ಬರೆದರೆ ವ್ಯತ್ಯಾಸ 900, ಒಂಬತ್ತರ ನೂರು ಪಟ್ಟು. ಸೊನ್ನೆ ಬಿಟ್ಟುಹೋಗಿ 450 ಅಂತ ಬರೆದರೂ ಅಷ್ಟೇ, ವ್ಯತ್ಯಾಸ 4,050, ಅದೂ ಒಂಬತ್ತರಿಂದ ಭಾಗವಾಗುತ್ತದೆ. ಇನ್ನು 1,250 ರೂಪಾಯಿ ಜಮಾ ಕಡೆಗೆ ಹೋಗಬೇಕಾದದ್ದು ಖರ್ಚಿನ ಕಡೆಗೆ ಹೋದರೆ ವ್ಯತ್ಯಾಸ ಎರಡು ಪಟ್ಟು, 2,500. ಹಾಗಾಗಿ ವ್ಯತ್ಯಾಸದ ಅರ್ಧ ಮೊತ್ತದ ಎಂಟ್ರಿಯನ್ನೂ ಹುಡುಕುತ್ತಾರೆ. ನಿಮ್ಮ ಕೆಲಸದ ಹಳೇ ಕಳ್ಳರು ಯಾರು? ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಒಂದು ಪಟ್ಟಿ ಶುರು ಮಾಡಿ, ವರ್ಷ ಕಳೆದ ಹಾಗೆ ಅದೇ ನಿಮ್ಮ ಆಸ್ತಿಯಾಗುತ್ತದೆ.

ಎಚ್ಚರ: ಹಳೇ ಕಳ್ಳ ಪಟ್ಟಿಯಲ್ಲಿದ್ದಾನೆ ಅಂದರೆ ಈ ಸಲವೂ ಅವನೇ ಅಂತಲ್ಲ. ಒಂಬತ್ತು ಸಂಖ್ಯೆಗೆ ಒಂದು ಹೇಗೂ ಒಂಬತ್ತರಿಂದ ಭಾಗವಾಗುತ್ತದೆ.

6. ನಿಮ್ಮ ಅನುಮಾನವನ್ನು ನೀವೇ ಸೋಲಿಸಲು ನೋಡಿ

ಪೀಟರ್ ವೇಸನ್ ಅನ್ನುವ ಮನಶ್ಶಾಸ್ತ್ರಜ್ಞರು 1960ರಲ್ಲಿ ಒಂದು ಆಟ ಆಡಿಸಿದರು. 2, 4, 6 ಇವು ಒಂದು ನಿಯಮಕ್ಕೆ ಹೊಂದುತ್ತವೆ, ನೀವು ಬೇರೆ ಮೂರು ಸಂಖ್ಯೆ ಹೇಳಿ ನಿಯಮ ಪತ್ತೆ ಮಾಡಿ ಅಂದರು. ಜನ 8, 10, 12 ಅಂದರು. ಹೌದು. 20, 22, 24 ಅಂದರು. ಹೌದು. ‘ಎರಡೆರಡು ಕೂಡಿಸುತ್ತಾ ಹೋಗುವುದು’ ಅಂತ ಬಹಳ ಮಂದಿ ಧೈರ್ಯವಾಗಿ ಹೇಳಿ ತಪ್ಪಿದರು. ನಿಯಮ ಇದ್ದದ್ದು ‘ಏರುವ ಕ್ರಮದ ಯಾವುದೇ ಮೂರು ಸಂಖ್ಯೆ’. 1, 2, 50 ಅಂತ ಒಂದು ಸಲ ಕೇಳಿದ್ದರೆ ಸಾಕಿತ್ತು, ಅದಕ್ಕೂ ‘ಹೌದು’ ಬಂದು ಊಹೆ ಬಿದ್ದುಹೋಗುತ್ತಿತ್ತು. ನಮ್ಮ ಊಹೆಗೆ ಹೊಂದದ ಪ್ರಶ್ನೆ ಕೇಳಲು ಮನಸ್ಸು ಒಪ್ಪುವುದಿಲ್ಲ.

ನಮ್ಮ ಮನೆಯದೇ ಒಂದು ಕೇಸು ಹೇಳುತ್ತೇನೆ. ಮೇಲೂ ಕೆಳಗೂ ಒಂದೊಂದು ಮನೆ, ಎರಡಕ್ಕೂ ಸೇರಿ ಸಾವಿರ ಲೀಟರಿನ ಒಂದು ಟ್ಯಾಂಕು. ರಾತ್ರಿ ಹನ್ನೊಂದಕ್ಕೆ ತುಂಬಿಸಿದರೆ ಬೆಳಗ್ಗೆ ಐದಕ್ಕೆ ಹೆಚ್ಚುಕಡಿಮೆ ಅರ್ಧ ಖಾಲಿ. ಮೇಲಿನ ಮನೆಯವರು ರಾತ್ರಿಪಾಳಿ ಕೆಲಸದವರು, ಬಂದು ಸ್ನಾನ ಮಾಡುತ್ತಾರೆ, ಅವರದೇ ಕೆಲಸ ಅಂತ ನನ್ನ ತೀರ್ಮಾನ. ಅವರ ಸ್ನಾನದ ಸದ್ದು ಕೇಳಿದಾಗಲೆಲ್ಲ ನನಗೆ ಸಾಕ್ಷಿ ಸಿಕ್ಕಿದ ಹಾಗೆ. ಇದು 8, 10, 12 ಆಟ ಅಂತ ಹೊಳೆದದ್ದು ತಡವಾಗಿ. ಕೊನೆಗೆ ಅವರಿಗೆ ಹೇಳಿ, ಅವರು ರಜೆಯಲ್ಲಿದ್ದ ಒಂದು ರಾತ್ರಿ ಅವರ ಪೈಪಿನ ಗೇಟ್‌ವಾಲ್ವ್ ಮುಚ್ಚಿದೆ, ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆ. ಬೆಳಗ್ಗೆ ನೋಡಿದರೆ ನೀರು ಮತ್ತೆ ಅರ್ಧಕ್ಕಿಳಿದಿತ್ತು. ಮಾರನೇ ರಾತ್ರಿ ಅವರದನ್ನು ತೆರೆದು ನಮ್ಮದನ್ನು ಮುಚ್ಚಿದೆ. ಗುರುತಿನಿಂದ ನೀರು ಎರಡು ಬೆರಳೂ ಇಳಿದಿರಲಿಲ್ಲ. ಕಳ್ಳ ನಮ್ಮ ಮನೆಯಲ್ಲೇ!

ಆಮೇಲೆ ಸುಲಭವಾಯಿತು. ಫ್ಲಶ್ ಟ್ಯಾಂಕಿಗೆ ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಹಾಕಿ, ಯಾರೂ ಫ್ಲಶ್ ಮಾಡಬೇಡಿ ಅಂತ ಹೇಳಿ ಕಾದೆ. ಅರ್ಧ ಗಂಟೆಯೊಳಗೆ ಕಮೋಡಿನೊಳಗೆ ಕೇಸರಿ ಬಣ್ಣ ಇಳಿಯುತ್ತಿತ್ತು. ಒಳಗಿನ ರಬ್ಬರ್ ವಾಷರ್ ಸವೆದಿತ್ತು. ನೀವೂ ಮಾಡಿ ನೋಡಬಹುದು, ಆದರೆ ಆಮೇಲೆ ಎರಡು ಮೂರು ಸಲ ಫ್ಲಶ್ ಮಾಡಿಬಿಡಿ, ಬಣ್ಣ ಬಹಳ ಹೊತ್ತು ನಿಂತರೆ ಕಲೆಯಾಗುತ್ತದೆ.

ಇದರಲ್ಲಿ ಗಮನಿಸಬೇಕಾದದ್ದು ಎರಡು. ಮೊದಲ ರಾತ್ರಿಯ ಪರೀಕ್ಷೆ ನನ್ನ ಅನುಮಾನ ಸುಳ್ಳಾದರೆ ಗೊತ್ತಾಗಲೇಬೇಕು ಅನ್ನುವ ಹಾಗಿತ್ತು. ಮತ್ತೆ, ಒಂದು ರಾತ್ರಿಗೆ ಒಂದೇ ವಾಲ್ವ್. ಎರಡೂ ಮುಚ್ಚಿದ್ದರೆ ನೀರು ಉಳಿಯುತ್ತಿತ್ತು, ಕಳ್ಳ ಮಾತ್ರ ಸಿಗುತ್ತಿರಲಿಲ್ಲ. ಓದಿನ ಕೇಸಿಗೂ ಹೀಗೇ ಮಾಡಿ. ಫೋನೇ ಕಾರಣ ಅನ್ನುವುದಾದರೆ ಮೂರು ದಿನ ಫೋನನ್ನು ಬೇರೆ ರೂಮಿನಲ್ಲಿಡಿ, ಬೇರೆ ಏನನ್ನೂ ಬದಲಿಸಬೇಡಿ. ಆ 8:10ರಿಂದ 8:25ರ ಹೊತ್ತು ಆಗಲೂ ಹಾಗೇ ಸೋರಿದರೆ ಮುಂದಿನ ಮೂರು ದಿನ ಫೋನನ್ನು ಮೊದಲಿದ್ದ ಜಾಗಕ್ಕೇ ತನ್ನಿ, ನಾಳೆ ಓದುವ ಪುಟವನ್ನು ಹಿಂದಿನ ರಾತ್ರಿಯೇ ತೆರೆದು ಮೇಲೆ ಪೆನ್ನಿಟ್ಟು ಮಲಗಿ. ಎರಡನ್ನೂ ಡೈರಿಯಲ್ಲಿ ಹೋಲಿಸಿ.

ಎಚ್ಚರ: ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಯಾಯಿತು ಅಂತೀವಲ್ಲ, ಅದೇ ಕಾಕತಾಳೀಯ. ಒಂದು ದಿನ ಚೆನ್ನಾಗಿ ಓದಾಯಿತು ಅಂತ ಪಟಾಕಿ ಹೊಡೆಯಬೇಡಿ, ಅವತ್ತು ಕರೆಂಟ್ ಹೋಗಿ ಟೀವಿ ಆಫ್ ಆಗಿತ್ತೇನೋ. ಮೂರು ದಿನವಾದರೂ ನೋಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದು ಇದಕ್ಕೇ.

7. ಅಂತಿಮ ವರದಿ: ಚಾರ್ಜ್‌ಶೀಟ್, ಬಿ, ಇಲ್ಲಾ ಸಿ

ಎರಡು ವಾರ ಮುಗಿದ ಮೇಲೆ ಕೇಸನ್ನು ಹಾಗೇ ತೇಲಲು ಬಿಡಬೇಡಿ. ನಮ್ಮ ರಾಜ್ಯದ ಠಾಣೆಗಳ ರೂಢಿ ಇಲ್ಲಿ ಚೆನ್ನಾಗಿ ಒದಗುತ್ತದೆ. ಸಾಕ್ಷಿ ಸಿಕ್ಕರೆ ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ. ದೂರೇ ಸರಿಯಿಲ್ಲ, ಹುರುಳಿಲ್ಲ ಅಂತ ಕಂಡರೆ ಬಿ ರಿಪೋರ್ಟ್. ಅಪರಾಧ ಆದದ್ದು ನಿಜ, ಮಾಡಿದ್ದು ಯಾರು ಪತ್ತೆಯಾಗಲಿಲ್ಲ ಅಂದರೆ ಸಿ ರಿಪೋರ್ಟ್.

ಚಾರ್ಜ್‌ಶೀಟ್ ಆದರೆ ಒಂದು ಸಾಲಿನ ಕಾರಣ, ಅದಕ್ಕೆ ಡೈರಿಯ ಮೂರು ಸಾಕ್ಷಿ, ಮಾಡುವ ಒಂದು ಬದಲಾವಣೆ ಬರೆಯಿರಿ. ಒಂದೇ ಬದಲಾವಣೆ.

ಬಿ ರಿಪೋರ್ಟ್ ಬರೆಯಲು ನಾಚಿಕೆ ಬೇಡ. ‘ಸಂಬಳ ಸೋರುತ್ತಿದೆ’ ಅಂತ ದೂರು ಕೊಟ್ಟು, ಮೂರು ತಿಂಗಳ ಸ್ಟೇಟ್‌ಮೆಂಟ್ ನೋಡಿದ ಮೇಲೆ ಬಾಡಿಗೆ, ಸ್ಕೂಲ್ ಫೀಸು, ಅಪ್ಪನ ಔಷಧಿ ಬಿಟ್ಟು ಬೇರೇನೂ ಇಲ್ಲ ಅಂತ ಗೊತ್ತಾದರೆ ಅಲ್ಲಿ ಸೋರಿಕೆ ಇಲ್ಲ, ಸಂಬಳವೇ ಸಾಲುತ್ತಿಲ್ಲ. ಅದು ಬೇರೆ ಕೇಸು, ಅದಕ್ಕೆ ಬೇರೆ ನೋಟ್‌ಬುಕ್. ಇಷ್ಟು ದಿನ ಕಾಫಿ ಕುಡಿದದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಂಡದ್ದು ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಸಿ ರಿಪೋರ್ಟ್ ಆದರೆ ತಾರೀಖು ಹಾಕಿ ಮುಚ್ಚಿಡಿ. ಹೊಸ ಸುಳಿವು ಸಿಕ್ಕರೆ ಮತ್ತೆ ತೆರೆಯಬಹುದು.

ಎಲ್ಲಿ ಬಳಸಬಾರದು

ಮನೆಯವರ ಮೇಲೆ ಬೇಡ. ಗಂಡನ ಫೋನು, ಹೆಂಡತಿಯ ಮೆಸೇಜು, ಮಗಳ ಬ್ಯಾಗು ನಿಮ್ಮ ಮಹಜರಿನ ಸ್ಥಳ ಅಲ್ಲ. ಕೆಲಸ ಹೇಗೆ ನಡೆಯುತ್ತಿದೆ ಅನ್ನುವುದನ್ನು ತನಿಖೆ ಮಾಡಿ, ಮನುಷ್ಯರನ್ನಲ್ಲ. ಸಹೋದ್ಯೋಗಿಯ ಬಗ್ಗೆ ಅವರಿಗೆ ಗೊತ್ತಿಲ್ಲದೆ ಡೈರಿ ಬರೆಯಲು ಶುರು ಮಾಡಿದರೆ ನೀವು ಪತ್ತೇದಾರರಲ್ಲ, ಚಾಡಿಕೋರರು. ಬಸ್ಸಿನಲ್ಲಿ ಎದುರಿಗೆ ಕೂತವರ ಚಪ್ಪಲಿ ನೋಡಿ ಕೆಲಸ ಊಹಿಸುವ ಆಟ ಆಡಬಹುದು, ತೊಂದರೆ ಇಲ್ಲ, ಖಾತ್ರಿ ಮಾಡಿಕೊಳ್ಳಲು ದಾರಿಯಿಲ್ಲದ್ದರಿಂದ ಅದನ್ನು ಆಟ ಅಂತಲೇ ಇಟ್ಟುಕೊಳ್ಳಿ. ನಿದ್ದೆ ಬರುತ್ತಿಲ್ಲ, ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಎದೆ ಭಾರ ಅನ್ನುವ ಕೇಸುಗಳನ್ನು ಎರಡು ವಾರ ನೀವೇ ಇಟ್ಟುಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಡೈರಿ ಬರೆದಿದ್ದರೆ ಜೊತೆಗೆ ತೆಗೆದುಕೊಂಡು ಹೋಗಿ, ಅವರಿಗೆ ಉಪಯೋಗವಾಗುತ್ತದೆ.

‘ಎಲ್ಲಾ ಕೇಸೂ ಪತ್ತೆಯಾಗುತ್ತಾ’ ಅಂತಲೂ ಕೇಳುತ್ತಾರೆ. ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಎರಡು ವರ್ಷದಿಂದ ಒಂದು ಸಿ ರಿಪೋರ್ಟ್ ಬಿದ್ದಿದೆ. ಸ್ಟೀಲ್ ಟಿಫನ್ ಡಬ್ಬಿಯ ಮೇಲಿನ ಮುಚ್ಚಳ. ಐದು ಜನ ಶಂಕಿತರು, ಎಲ್ಲರ ಹೇಳಿಕೆಯೂ ಆಗಿದೆ. ಡಬ್ಬಿ ಇದೆ, ಮುಚ್ಚಳ ಇಲ್ಲ.